ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ತೋಟದ ಮೋಟಾರು ಸುಟ್ಟುಹೋಯಿತು. ನಮ್ಮದು ತಿಪಟೂರು ತಾಲ್ಲೂಕಿನ ಬಿಳಿಗೆರೆ. ತೆಂಗನ್ನೇ ನಂಬಿದ ಸೀಮೆ. ಬಿರು ಬೇಸಿಗೆಯಲ್ಲಿ ಮೋಟಾರು ಸುಟ್ಟರೆ ನಮ್ಮ ಕಡೆಯವರ ಹೊಟ್ಟೆಯೂ ಸುಡುತ್ತದೆ. ಫೋನು ಮಾಡಿದೆ. ಮಾರನೇ ದಿನ ಬೆಳಗ್ಗೆಯೇ ರಿವೈಂಡಿಂಗ್ ಅಂಗಡಿಯ ಹುಡುಗ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಕೊಳವೆಬಾವಿಯಿಂದ ಪೈಪುಗಳನ್ನು ಒಂದೊಂದಾಗಿ ಎತ್ತಿ, ಮೋಟಾರು ಬಿಚ್ಚತೊಡಗಿದ. ವಯಸ್ಸು ಇಪ್ಪತ್ತೊಂದು ಇರಬಹುದು. ಮಾತು ಕಡಿಮೆ, ಕೈ ಚುರುಕು.

ನನ್ನ ಮೊಮ್ಮಗ ಏಳನೇ ಕ್ಲಾಸು ಮುಗಿಸಿ ರಜೆಗೆ ಬಂದಿದ್ದ. ಪೈಪು ಎತ್ತುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದವನು ಇದ್ದಕ್ಕಿದ್ದಂತೆ ನನ್ನ ಪಂಚೆ ಎಳೆದು ಪಿಸುಗುಟ್ಟಿದ: “ತಾತ, ಆ ಅಣ್ಣ ಜೈಲಿಗೆ ಹೋಗಿ ಬಂದೋನಂತೆ. ಪಕ್ಕದ ಮನೆ ಹುಡುಗ್ರು ಹೇಳಿದ್ರು. ಅವನ್ನ ಯಾಕೆ ಕರೆಸಿದ್ರಿ?”

ಮಕ್ಕಳ ಪಿಸುಮಾತು ನಾಲ್ಕು ಮಾರು ದೂರಕ್ಕೆ ಕೇಳಿಸುತ್ತದೆ. ಸ್ಪ್ಯಾನರ್ ಹಿಡಿದ ಅವನ ಕೈ ಒಂದು ಗಳಿಗೆ ನಿಂತಿತು. ಮತ್ತೆ ತಿರುಗಿತು. ಕೆಲಸ ಮುಗಿದ ಮೇಲೆ ಮಜ್ಜಿಗೆ ಕುಡಿಯುತ್ತಾ ಜಗಲಿಯ ಮೇಲೆ ಕೂತಾಗ ಅವನೇ ಮಾತೆತ್ತಿದ: “ಮೇಷ್ಟ್ರೇ, ಮಗೂಗೆ ಪೂರ್ತಿ ಹೇಳ್ಬಿಡಿ. ಹೇಳ್ದೆ ಇದ್ರೆ ಅವನಿಗೆ ಬರೀ ಅಷ್ಟೇ ಗೊತ್ತಿರುತ್ತೆ.”

ಅವತ್ತು ರಾತ್ರಿ ಮೊಮ್ಮಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಳಿಸುವ ಮೊದಲು ಆ ಹುಡುಗನಿಗೆ ಓದಿ ಹೇಳಿದೆ. ಅವನು ಒಪ್ಪಿದ. “ಹೆಸರು ಬೇಡ, ನಮ್ಮೂರಿನ ಹೆಸರೂ ಬೇಡ” ಎಂದ. ಇಂಥ ಮಕ್ಕಳ ಹೆಸರು, ಫೋಟೊ, ವಿಳಾಸ, ಶಾಲೆ ಯಾವುದನ್ನೂ ಅಚ್ಚು ಹಾಕಬಾರದೆಂದು ಕಾನೂನೂ ಹೇಳುತ್ತದೆ. ಆದ್ದರಿಂದ ನಮ್ಮ ಸುತ್ತಿನ ಯಾವುದೋ ಒಂದು ಹಳ್ಳಿಯ ಹುಡುಗ ಎಂದಷ್ಟೇ ತಿಳಿದುಕೊಳ್ಳಿ.

ಒಂದು ರಾತ್ರಿಯ ಕೆಲಸ

ಆರು ವರ್ಷದ ಹಿಂದಿನ ಮಾತು. ಆಗ ಅವನಿಗೆ ಹದಿನೈದು. ಒಂಬತ್ತನೇ ಕ್ಲಾಸು. ಅಪ್ಪ ತೀರಿಕೊಂಡಿದ್ದರು. ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಅವನೂ ಅಜ್ಜಿಯೂ ಇಬ್ಬರೇ. ಊರಿನ ಇಬ್ಬರು ದೊಡ್ಡ ಹುಡುಗರ ಸಹವಾಸ ಹತ್ತಿತು. ಬೈಕಿನಲ್ಲಿ ಕೂರಿಸಿಕೊಂಡು ಹೋಗುವುದು, ತಿಪಟೂರಿನಲ್ಲಿ ಗೋಬಿ ಕೊಡಿಸುವುದು. ಅಪ್ಪನಿಲ್ಲದ ಹುಡುಗನಿಗೆ ಅದೇ ದೊಡ್ಡದಾಗಿ ಕಂಡಿತು.

ಒಂದು ರಾತ್ರಿ ಆ ಇಬ್ಬರು ಒಬ್ಬ ರೈತನ ತೋಟಕ್ಕೆ ನುಗ್ಗಿ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿದರು. ಇವನು ಟಾರ್ಚು ಹಿಡಿದಿದ್ದ. ತಾಮ್ರವನ್ನು ಗುಜರಿ ಅಂಗಡಿಗೆ ಹಾಕಿ ಬಂದ ದುಡ್ಡಿನಲ್ಲಿ ಇವನ ಪಾಲಿಗೆ ಬಂದದ್ದು ಮುನ್ನೂರು ರೂಪಾಯಿ.

ಮೂರನೇ ದಿನ ಮೂವರೂ ಸಿಕ್ಕಿಬಿದ್ದರು.

ಆ ರೈತನ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ಅರ್ಧವಾಗುತ್ತದೆ. ಸಾಲ ಮಾಡಿ ಹಾಕಿಸಿದ ಮೋಟಾರು. ಹದಿನೈದು ದಿನ ನೀರಿಲ್ಲದೆ ಎಳೆಯ ಸಸಿಗಳು ಬಾಡಿದವು. “ನನ್ನ ಸಸಿ ಒಣಗಿದ್ದನ್ನ ಯಾರು ಕೇಳ್ತಾರೆ ಮೇಷ್ಟ್ರೇ?” ಎಂದು ಆತ ಆಮೇಲೆ ನನ್ನನ್ನು ಕೇಳಿದ್ದ. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಕದ್ದದ್ದು ತಪ್ಪೇ. ಆದರೆ ಹದಿನೈದರ ಹುಡುಗನ ತಪ್ಪಿಗೆ ಊರು ಏನು ಮಾಡಬೇಕು? ನನಗಂತೂ ಆಗ ಗೊತ್ತಿರಲಿಲ್ಲ.

ನಾನು ಮಾಡದೇ ಹೋದ ಕೆಲಸ

ದೊಡ್ಡ ಹುಡುಗರಿಬ್ಬರಿಗೂ ಹದಿನೆಂಟು ದಾಟಿತ್ತು. ಅವರ ದಾರಿ ಬೇರೆಯಾಯಿತು. ಇವನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಿದರು. ಮನೆಯವರು ಯಾರಾದರೂ ಬಂದು, “ನಾನು ನೋಡಿಕೊಳ್ಳುತ್ತೇನೆ, ಕರೆದಾಗ ಕರೆತರುತ್ತೇನೆ” ಎಂದು ಬರೆದುಕೊಟ್ಟಿದ್ದರೆ ಮನೆಗೆ ಕಳಿಸುತ್ತಿದ್ದರು. ಅಮ್ಮನ ಫೋನು ಸಿಗಲಿಲ್ಲ. ಅಜ್ಜಿಗೆ ಕೋರ್ಟು ಎಂದರೆ ಕೈಕಾಲು ನಡುಕ. ಹಾಗಾಗಿ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿದರು.

ಎರಡನೇ ದಿನ ಆ ಅಜ್ಜಿ ನಮ್ಮ ಮನೆಗೆ ಬಂದಳು. ಅವಳ ಮೊಮ್ಮಗನಿಗೆ ನಾಲ್ಕನೇ ಕ್ಲಾಸಿನಲ್ಲಿ ನಾನೇ ಪಾಠ ಹೇಳಿದ್ದೆ. “ನೀವೊಂದು ಮಾತು ಹೇಳಿದ್ರೆ ಬಿಡ್ತಾರಂತೆ ಸ್ವಾಮಿ. ನನ್ ಜತೆ ಒಂದ್ಸಲ ಬನ್ನಿ” ಎಂದಳು.

ನಾನು “ನೋಡೋಣ ಕಣಮ್ಮ” ಎಂದೆ.

ಈ “ನೋಡೋಣ” ಎಂಬ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಿವೃತ್ತ ಮೇಷ್ಟ್ರು ಕಳ್ಳತನದ ಕೇಸಿಗೆ ಜಾಮೀನು ನಿಂತರಂತೆ ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಅಳುಕು ನನ್ನದು. ಸ್ವಲ್ಪ ದಿನ ಇದ್ದು ಬರಲಿ, ಬುದ್ಧಿ ಬರುತ್ತದೆ ಎಂದೂ ಅನ್ನಿಸಿತು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆ ಗಾದೆಯ ನೆರಳಿನಲ್ಲಿ ಸುಮ್ಮನೆ ಕೂತುಬಿಟ್ಟೆ.

ಅಜ್ಜಿ ಇನ್ನೂ ಎರಡು ಸಲ ಬಂದಳು. ಮೂರನೆಯ ಸಲ ಅವಳು ಹೋದ ಮೇಲೆ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ಬಂದದ್ದೇ ಅದರಿಂದ. ಅವಳು ಅಟ್ಟದ ಕಡೆ ಕೈ ತೋರಿಸಿ ಕೇಳಿದಳು: “ಕಾಯಿನ ಕತ್ಲೇಲಿ ಕೂಡಿಹಾಕಿದ್ರೆ ಕೊಬ್ಬರಿ ಆಗುತ್ತೆ. ಮಗೂನ ಕೂಡಿಹಾಕಿದ್ರೆ ಏನ್ ಆಗುತ್ತೆ, ಹೇಳಿ ಮೇಷ್ಟ್ರೇ?”

ಮಾರನೇ ದಿನ ಅಜ್ಜಿಯನ್ನು ಕರೆದುಕೊಂಡು ಹೊರಟೆ. ಅಲ್ಲಿ ಯಾರೂ ಗದರಲಿಲ್ಲ. ವಕೀಲರಿಗೆ ದುಡ್ಡನ್ನೂ ಕೊಡಬೇಕಾಗಲಿಲ್ಲ. ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದವರೇ ಉಚಿತವಾಗಿ ವಕೀಲರನ್ನು ಕೊಡುತ್ತಾರೆಂದು ಆಗ ತಿಳಿಯಿತು. ಕೆಲವು ಪ್ರಶ್ನೆ ಕೇಳಿದರು, ಬರೆಸಿಕೊಂಡರು, ಹುಡುಗನನ್ನು ಅಜ್ಜಿಯ ಜೊತೆ ಕಳಿಸಿದರು.

ಅಷ್ಟು ಹೊತ್ತಿಗೆ ಅವನು ಇಪ್ಪತ್ತಾರು ದಿನ ಅಲ್ಲಿದ್ದ. ಅದರಲ್ಲಿ ಇಪ್ಪತ್ತು ದಿನವಾದರೂ ನನ್ನ “ನೋಡೋಣ”ದ ಲೆಕ್ಕಕ್ಕೆ ಸೇರಬೇಕು.

ಬಾಗಿಲು ಹಾಕಿದರೆ ನಿದ್ದೆಯಿಲ್ಲ

“ಅಲ್ಲಿ ಹೊಡೆದ್ರೇನಪ್ಪಾ?” ಎಂದು ಬಸ್ಸಿನಲ್ಲಿ ಕೇಳಿದೆ. “ಇಲ್ಲ ಸಾರ್” ಎಂದ. ಹೊತ್ತು ಹೊತ್ತಿಗೆ ಊಟ, ಕೇರಂ ಬೋರ್ಡು, ಟಿ.ವಿ. ಎಲ್ಲ ಇತ್ತಂತೆ. ಸದ್ಯ, ಏನೂ ಆಗಿಲ್ಲ ಎಂದುಕೊಂಡೆ. ಆದದ್ದೇನು ಎಂದು ಗೊತ್ತಾದದ್ದು ಆಮೇಲೆ.

ರಾತ್ರಿ ಬಾಗಿಲ ಚಿಲಕ ಹಾಕಿದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಚಾಪೆ ಎತ್ತಿಕೊಂಡು ಜಗಲಿಗೆ ಬಂದು ಮಲಗುತ್ತಿದ್ದ. ತಟ್ಟೆಗೆ ಎಡಗೈ ಅಡ್ಡವಿಟ್ಟುಕೊಂಡು ಗಬಗಬ ಉಣ್ಣುತ್ತಿದ್ದ. ಮುದ್ದೆಯನ್ನು ನಿಧಾನವಾಗಿ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದ ಹುಡುಗ ಅವನು. ಎಲ್ಲೋ ಕಬ್ಬಿಣದ ಗೇಟು ಸದ್ದಾದರೆ ಎದ್ದು ನಿಂತುಬಿಡುತ್ತಿದ್ದ. ಅಜ್ಜಿ ಮೈ ಮುಟ್ಟಿ ಎಬ್ಬಿಸಿದರೆ ಬೆಚ್ಚಿಬೀಳುತ್ತಿದ್ದ. ಆಡಲು ಹೋಗಲಿಲ್ಲ, ಅಳಲೂ ಇಲ್ಲ. ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದ.

ಎಷ್ಟೋ ತಿಂಗಳ ಮೇಲೆ ಒಂದು ಸಂಜೆ ಅವನೇ ಹೇಳಿದ: “ಸಾರ್, ಅಲ್ಲಿ ಯಾವುದೂ ಅಷ್ಟು ಕಷ್ಟ ಇರ್ಲಿಲ್ಲ. ಯಾವತ್ತು ಮನೆಗೆ ಅಂತ ಗೊತ್ತಿರ್ಲಿಲ್ಲ ನೋಡಿ, ಅದೇ ಕಷ್ಟ. ದಿನಾ ಸಂಜೆ ಗೇಟ್ ಹತ್ರ ನಿಂತ್ಕೊತಿದ್ದೆ. ಅಜ್ಜಿ ಬರ್ತಾಳೆ ಅಂತ. ಆಮೇಲಾಮೇಲೆ ನಿಲ್ಲೋದನ್ನೂ ಬಿಟ್ಟೆ.”

ಅಜ್ಜಿ ಅದೇ ಸಂಜೆಗಳಲ್ಲಿ ನನ್ನ ಮನೆಯ ಜಗಲಿಯಲ್ಲಿ ನಿಂತಿದ್ದಳು. ಅದನ್ನು ಅವನಿಗೆ ಹೇಳುವ ಧೈರ್ಯ ನನಗೆ ಬರಲು ಇನ್ನೂ ಒಂದು ವರ್ಷ ಬೇಕಾಯಿತು.

ಮನಸ್ಸಿನೊಳಗೆ ಏನಾಗುತ್ತದೆ?

ಮಕ್ಕಳೇ, ನಿಮ್ಮ ಹಣೆಯ ಹಿಂದೆ ಇರುವ ಮಿದುಳಿನ ಭಾಗವೇ “ನಿಲ್ಲು, ಇದನ್ನು ಮಾಡಿದರೆ ಮುಂದೇನಾಗುತ್ತದೆ ಯೋಚಿಸು” ಎಂದು ಎಚ್ಚರಿಸುವುದು. ಅದು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದ ಆಸುಪಾಸು ಆಗಬೇಕು ಎನ್ನುತ್ತಾರೆ ವಿಜ್ಞಾನಿಗಳು. ಆಸೆ, ಭಯ, ಸ್ನೇಹಿತರು ಮೆಚ್ಚಲಿ ಎಂಬ ಹಂಬಲ ಇವೆಲ್ಲ ಅದಕ್ಕಿಂತ ಮೊದಲೇ ಚುರುಕಾಗಿರುತ್ತವೆ. ಹದಿನೈದರ ಹುಡುಗ ಗೆಳೆಯರ ಎದುರಿಗೆ ಬೇಡ ಎನ್ನಲಾರದೆ ಟಾರ್ಚು ಹಿಡಿಯುವುದು ಇದಕ್ಕೇ. ಹಾಗೆಂದು ತಪ್ಪು ಸರಿಯಾಗುವುದಿಲ್ಲ. ಆದರೆ ತಿದ್ದಿಕೊಳ್ಳುವ ವಯಸ್ಸೂ ಅದೇ.

ಆ ವಯಸ್ಸಿನಲ್ಲಿ ಮನೆಯವರಿಂದ ಬೇರೆ ಮಾಡಿ, ಗುರುತಿಲ್ಲದವರ ನಡುವೆ, ಬೀಗ ಹಾಕಿದ ಕಟ್ಟಡದಲ್ಲಿ ಇಟ್ಟರೆ ಮನಸ್ಸು ಹಗಲೂ ರಾತ್ರಿಯೂ ಕಾವಲು ಕೂರುತ್ತದೆ. ಹಾವು ಕಂಡಾಗ ಎದೆ ಹೊಡೆದುಕೊಳ್ಳುವುದು ಒಳ್ಳೆಯದೇ, ಅದು ನಮ್ಮನ್ನು ಉಳಿಸುತ್ತದೆ. ಹಾವಿಲ್ಲದಾಗಲೂ ವಾರಗಟ್ಟಲೆ ಹಾಗೇ ಹೊಡೆದುಕೊಳ್ಳುತ್ತಿದ್ದರೆ? ನಿದ್ದೆ ಹೋಗುತ್ತದೆ. ಓದಿದ್ದು ತಲೆಗೆ ಹತ್ತುವುದಿಲ್ಲ. ಸಣ್ಣದಕ್ಕೆ ರೇಗುತ್ತದೆ, ಇಲ್ಲವೇ ಯಾವುದೂ ಬೇಡವೆನಿಸುತ್ತದೆ. ಬಿಡುಗಡೆಯಾಗಿ ಬಂದ ಮೇಲೂ ಆ ಕಾವಲು ಇಳಿಯುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಅಲ್ಲಿಗೆ ಹೋಗುವ ಎಷ್ಟೋ ಮಕ್ಕಳು ಮೊದಲೇ ನೊಂದವರು. ಅಮೆರಿಕದ ಷಿಕಾಗೊದಲ್ಲಿ ಲಿಂಡಾ ಟೆಪ್ಲಿನ್ ಎಂಬ ವಿಜ್ಞಾನಿ ಮತ್ತು ಅವರ ತಂಡ 1995ರಿಂದ 1998ರವರೆಗೆ ಬಂಧನಕ್ಕೆ ಬಂದ 1,829 ಮಕ್ಕಳನ್ನು ಮಾತಾಡಿಸಿ ಪರೀಕ್ಷಿಸಿದರು. ಹುಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಹುಡುಗಿಯರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಚಿಕಿತ್ಸೆ ಬೇಕಿದ್ದ ಮಕ್ಕಳು ಬೀಗದೊಳಗೆ ಬಂದಿದ್ದರು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶೇಖರ್ ಶೇಷಾದ್ರಿ ಮತ್ತು ಅವರ ಜೊತೆಯ ಮಕ್ಕಳ ಮನೋವೈದ್ಯ ತಂಡದವರು ವೀಕ್ಷಣಾಲಯದ ಮಕ್ಕಳ ಜೊತೆಗೂ ಕೆಲಸ ಮಾಡಿದ್ದಾರೆ. “ಯಾಕೆ ಕದ್ದೆ?” ಎಂಬಲ್ಲಿಗೆ ಅವರು ನಿಲ್ಲುವುದಿಲ್ಲ. ಮನೆ ಹೇಗಿದೆ, ಶಾಲೆ ಯಾಕೆ ಬಿಟ್ಟೆ, ಯಾರ ಸಹವಾಸ, ಏನಾದರೂ ಚಟ ಇದೆಯೇ, ಯಾವ ನೋವಾಗಿದೆ ಎಂದೆಲ್ಲ ವಿಚಾರಿಸುತ್ತಾರೆ. ಕತೆ, ಆಟ, ಚಿತ್ರಗಳ ಮೂಲಕ ಸಿಟ್ಟು ಬಂದಾಗ ಏನು ಮಾಡಬೇಕು, ಗೆಳೆಯರು ಕರೆದಾಗ ಬೇಡ ಎನ್ನುವುದು ಹೇಗೆ ಎಂದು ಕಲಿಸುತ್ತಾರೆ. ಮೇಷ್ಟ್ರಾಗಿ ನಾನು ಕೇಳಬೇಕಿದ್ದ ಪ್ರಶ್ನೆಗಳವು.

ಒಂದು ಬ್ಯಾಗು, ಮೂರು ವರ್ಷ

ಕೂಡಿಹಾಕುವುದು ಅತಿಯಾದರೆ ಏನಾಗುತ್ತದೆಂದು ಜಗತ್ತಿಗೆ ತೋರಿಸಿದ ಹುಡುಗನೊಬ್ಬ ನ್ಯೂಯಾರ್ಕಿನಲ್ಲಿದ್ದ. ಹೆಸರು ಕಲೀಫ್ ಬ್ರೌಡರ್. 2010ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಬೆನ್ನಿಗೆ ಹಾಕುವ ಬ್ಯಾಗೊಂದನ್ನು ಕದ್ದ ಎಂಬ ಆರೋಪದ ಮೇಲೆ ಹಿಡಿದರು. ತಾನು ಕದ್ದಿಲ್ಲ ಎಂದು ಅವನು ಕೊನೆಯವರೆಗೂ ಹೇಳಿದ. ಜಾಮೀನಿಗೆ ಬೇಕಿದ್ದ 3,000 ಡಾಲರ್ ಮನೆಯವರ ಹತ್ತಿರ ಇರಲಿಲ್ಲ. ರೈಕರ್ಸ್ ದ್ವೀಪದ ಜೈಲಿನಲ್ಲಿ ವಿಚಾರಣೆಯೇ ನಡೆಯದೆ ಸುಮಾರು ಮೂರು ವರ್ಷ ಕಳೆದ. ಅದರಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಒಂಟಿ ಕೋಣೆಯಲ್ಲಿ. 2013ರಲ್ಲಿ ಕೇಸು ಕೈಬಿಟ್ಟು ಮನೆಗೆ ಕಳಿಸಿದರು. ಮನೆಗೆ ಬಂದರೂ ಆ ಕೋಣೆ ಅವನ ಮನಸ್ಸಿನಿಂದ ಹೋಗಲಿಲ್ಲ. ಕಾಲೇಜು ಸೇರಿದ, ಚೆನ್ನಾಗಿ ಓದಿದ. ಆದರೂ 2015ರ ಜೂನ್‌ನಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಮನಸ್ಸಿನ ನೋವು ತಾಳಲಾರದೆ ಪ್ರಾಣ ಕಳೆದುಕೊಂಡ.

ಅವನ ಕಥೆ ಕೇಳಿ ಅಮೆರಿಕ ನಾಚಿತು. 2016ರ ಜನವರಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವನನ್ನು ನೆನೆದು, ಕೇಂದ್ರ ಸರ್ಕಾರದ ಜೈಲುಗಳಲ್ಲಿ ಮಕ್ಕಳನ್ನು ಒಂಟಿ ಕೋಣೆಗೆ ಹಾಕುವುದನ್ನು ನಿಷೇಧಿಸಿದರು. ಹದಿನಾರು ತುಂಬಿದವರನ್ನು ದೊಡ್ಡವರಂತೆ ವಿಚಾರಿಸುತ್ತಿದ್ದ ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನು ಬದಲಿಸಿ ಆ ವಯಸ್ಸನ್ನು ಹದಿನೆಂಟಕ್ಕೆ ಏರಿಸಿತು.

ಮೂರು ವರ್ಷವೆಲ್ಲಿ, ಇಪ್ಪತ್ತಾರು ದಿನವೆಲ್ಲಿ ಎಂದು ನೀವು ಕೇಳಬಹುದು. ಅಳತೆ ಬೇರೆ, ನಿಜ. ಆದರೆ ಅಲ್ಲಿ ಮೂರು ಸಾವಿರ ಡಾಲರ್ ಇಲ್ಲದೆ, ಇಲ್ಲಿ ಜೊತೆಗೆ ಹೋಗುವ ಒಬ್ಬ ಹಿರಿಯನಿಲ್ಲದೆ ಮಕ್ಕಳು ಒಳಗೇ ಉಳಿದರು.

ನಮ್ಮ ಕಾನೂನು ಮಕ್ಕಳ ಕಡೆಗಿದೆ

ನಮ್ಮ ಕಾಲದವರಿಗೆ ನೆನಪಿರಬಹುದು. ಹಿಂದೆ ಎಷ್ಟೋ ಕಡೆ ಮಕ್ಕಳನ್ನೂ ದೊಡ್ಡವರ ಜೊತೆಗೇ ಜೈಲಿನಲ್ಲಿ ಇಡುತ್ತಿದ್ದರು. ಶೀಲಾ ಬರ್ಸೆ ಎಂಬ ಪತ್ರಕರ್ತೆ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಹದಿನಾರರೊಳಗಿನ ಮಕ್ಕಳನ್ನು ಜೈಲಿನಲ್ಲಿ ಇಡಕೂಡದು ಎಂದು 1986ರಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಸಂಸತ್ತು ಬಾಲ ನ್ಯಾಯ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 1987ರ ಗಾಂಧಿ ಜಯಂತಿಯ ದಿನ. ಆಗ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂದಿದ್ದ ವಯಸ್ಸನ್ನು 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. ಈಗ ನಡೆಯುತ್ತಿರುವುದು 2015ರ ಕಾಯ್ದೆ. ಇದು 2016ರ ಜನವರಿ 15ರಿಂದ ಜಾರಿಯಲ್ಲಿದೆ.

ಈ ಕಾಯ್ದೆ ಓದುತ್ತಾ ಹೋದಂತೆ, ಬರೆದವರಿಗೆ ಮಕ್ಕಳ ಮನಸ್ಸು ಗೊತ್ತಿತ್ತು ಎನ್ನಿಸುತ್ತದೆ. “ಬಾಲಾಪರಾಧಿ” ಎಂಬ ಪದವೇ ಅದರಲ್ಲಿಲ್ಲ. “ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು” ಎನ್ನುತ್ತದೆ. ಮಾತು ಉದ್ದವಾದರೂ ಮಗುವನ್ನು ಮಗು ಎಂದೇ ಕರೆಯುತ್ತದೆ. ಅಂಥ ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಕೈಗೆ ಕೋಳ ಹಾಕುವಂತಿಲ್ಲ. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ.

ಜಾಮೀನಿನ ವಿಷಯದಲ್ಲಿ ದೊಡ್ಡವರಿಗಿಲ್ಲದ ಸಲುಗೆ ಮಕ್ಕಳಿಗಿದೆ. ಬಿಟ್ಟರೆ ಮಗು ಮತ್ತೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಮಗುವಿಗೇ ಅಪಾಯವಾಗುತ್ತದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ಕಂಡರೆ ಮಾತ್ರ ಇಟ್ಟುಕೊಳ್ಳಬಹುದು. ಇಲ್ಲವಾದರೆ ಬಿಡಬೇಕು. ಬೇಕಿದ್ದರೆ ಪರಿವೀಕ್ಷಣಾಧಿಕಾರಿಯ ನಿಗಾದಲ್ಲೋ ಯೋಗ್ಯ ವ್ಯಕ್ತಿಯೊಬ್ಬರ ವಶಕ್ಕೋ ಕೊಟ್ಟು ಬಿಡಬಹುದು. ಕೂಡಿಡುವುದು ಎಲ್ಲ ದಾರಿಯೂ ಮುಗಿದ ಮೇಲಿನ ಕೊನೆಯ ದಾರಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮಾತೂ ಇದೇ. ಭಾರತ ಅದಕ್ಕೆ 1992ರಲ್ಲಿ ಒಪ್ಪಿಗೆ ಕೊಟ್ಟಿದೆ.

ಹಾಗಾದರೆ ತಪ್ಪಿಗೆ ಏನೂ ಇಲ್ಲವೇ? ಇದೆ. ಬುದ್ಧಿ ಹೇಳಿ ಕಳಿಸಬಹುದು. ಆಪ್ತಸಮಾಲೋಚನೆಗೆ ಹಾಕಬಹುದು. ಸಮಾಜಸೇವೆ ಮಾಡಿಸಬಹುದು. ಹೆಚ್ಚೆಂದರೆ ಮೂರು ವರ್ಷದವರೆಗೆ ವಿಶೇಷ ಗೃಹಕ್ಕೆ ಕಳಿಸಬಹುದು. 2012ರ ದೆಹಲಿಯ ಘಟನೆಯ ನಂತರ ಬಂದ ಈ ಕಾಯ್ದೆಯಲ್ಲಿ, ಹದಿನಾರು ತುಂಬಿದವರು ಘೋರ ಅಪರಾಧ ಮಾಡಿದ್ದರೆ ಬೇರೆ ರೀತಿಯ ವಿಚಾರಣೆಗೂ ಅವಕಾಶವಿದೆ. ಆಗಲೂ ಮರಣದಂಡನೆ ವಿಧಿಸುವಂತಿಲ್ಲ.

ನಮ್ಮ ಹುಡುಗನ ವಿಚಾರಣೆ ನಾಲ್ಕು ತಿಂಗಳೊಳಗೆ ಮುಗಿಯಿತು. ಬುದ್ಧಿ ಹೇಳಿದರು, ಕೆಲವು ವಾರ ಸಮಾಜಸೇವೆ ಮಾಡಲು ಆದೇಶ ಕೊಟ್ಟರು. ಮುಂದೆ ಓದಿಗಾಗಲಿ ಕೆಲಸಕ್ಕಾಗಲಿ ಈ ಕೇಸು ಅಡ್ಡ ಬರಕೂಡದು ಎನ್ನುತ್ತದೆ ಕಾನೂನು. ಕಾಗದದ ಮೇಲೆ ಅವನ ತಪ್ಪು ಅಳಿಸಿಹೋಯಿತು.

ಊರಿನ ಬಾಯಿಗೆ ಬೀಗ ಯಾರು ಹಾಕುತ್ತಾರೆ?

ಊರಿನಲ್ಲಿ ಅಳಿಸಲಿಲ್ಲ. ಶಾಲೆಗೆ ಹೋದ ಮೊದಲ ದಿನವೇ ಹುಡುಗರು “ಜೈಲ್” ಎಂದು ಕೂಗಿದರು. ಅದೇ ಅವನ ಅಡ್ಡಹೆಸರಾಯಿತು. ಒಂದು ಪೆನ್ನು ಕಳೆದರೆ ಮೊದಲು ಅವನ ಬ್ಯಾಗನ್ನೇ ಹುಡುಕುತ್ತಿದ್ದರು. ಎರಡು ವಾರಕ್ಕೆ ಶಾಲೆ ಬಿಟ್ಟ. “ಎಲ್ರೂ ಕಳ್ಳ ಅಂತಾರೆ ಸಾರ್, ಕಳ್ಳನೇ ಆಗ್ಬಿಟ್ರೆ ಸರಿಹೋಗುತ್ತೆ” ಎಂದ ಒಂದು ದಿನ. ಹದಿನೈದು ವರ್ಷದ ಬಾಯಲ್ಲಿ ಆ ಮಾತು ಕೇಳಿ ನನ್ನ ಕೈಯ ಲೋಟ ನಡುಗಿತು.

ಆಗ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆಂದು ಆಶಾ ಕಾರ್ಯಕರ್ತೆ ಹೇಳಿದ್ದಳು. “ಹುಚ್ಚಾಸ್ಪತ್ರೆನಾ ಸಾರ್?” ಎಂದು ಅವನು ಬಾಗಿಲಲ್ಲೇ ನಿಂತ. “ಕಾಲು ಉಳುಕಿದ್ರೆ ತೋರಿಸಲ್ವೇನೋ? ಇದೂ ಹಂಗೇ” ಎಂದೆ. ವೈದ್ಯರು ಅವನ ನಿದ್ದೆಯ ಬಗ್ಗೆ ಕೇಳಿದರು. ಅಷ್ಟು ದಿನಗಳಲ್ಲಿ ಅವನ ಕಳ್ಳತನದ ಬಗ್ಗೆ ಎಲ್ಲರೂ ಕೇಳಿದ್ದರು. ನಿದ್ದೆಯ ಬಗ್ಗೆ ಕೇಳಿದವರು ಅವರೊಬ್ಬರೇ. ಅವನು ಅತ್ತ. ಬಂದ ಮೇಲೆ ಮೊದಲ ಸಲ.

ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ. ಆಸ್ಪತ್ರೆಗೆ ಎಂಟೊಂಬತ್ತು ಸಲ ಹೋಗಿ ಬಂದೆವು. ಸಂಜೆ ನಮ್ಮ ಜಗಲಿಯಲ್ಲಿ ಲೆಕ್ಕ, ಇಂಗ್ಲಿಷು ಹೇಳಿಕೊಟ್ಟೆ. ನನ್ನ ಹೆಂಡತಿ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಮುದ್ದೆ ಹಾಕುತ್ತಿದ್ದಳು. ಅಡ್ಡ ಇಟ್ಟ ಕೈ ಯಾವತ್ತು ತಟ್ಟೆಯಿಂದ ಸರಿಯಿತೋ ನಾವು ಗಮನಿಸಲೇ ಇಲ್ಲ. ಎಸ್ಸೆಸ್ಸೆಲ್ಸಿ ಎರಡನೇ ಸಲ ಪಾಸಾಯಿತು. ಆಮೇಲೆ ಐಟಿಐ, ಆಮೇಲೆ ರಿವೈಂಡಿಂಗ್ ಅಂಗಡಿ.

ಕೇಬಲ್ ಕಳೆದುಕೊಂಡ ರೈತನ ಬಳಿ ಕ್ಷಮೆ ಕೇಳಲು ಅವನೇ ಹೋಗಿದ್ದ. ಆತ ಮುಖ ತಿರುಗಿಸಿದ. ಎರಡು ವರ್ಷ ಹಾಗೇ ಇದ್ದ. ಹೋದ ವರ್ಷ ಆತನ ಮೋಟಾರು ಕೆಟ್ಟಾಗ ಅಂಗಡಿಯವನು ಇವನನ್ನೇ ಕಳಿಸಿದನಂತೆ. ಕೆಲಸ ಮುಗಿಸಿ ನೀರು ಬಿಟ್ಟಾಗ ಆತ, “ವೈರು ಕಿತ್ತೋನೇ ವೈರು ಸುತ್ತೋನಾದ್ನಲ್ಲಪ್ಪ” ಎಂದು ನಕ್ಕು ಎಳನೀರು ಕೆತ್ತಿಕೊಟ್ಟನಂತೆ. ಆ ನಗುವಿನಲ್ಲಿ ಕ್ಷಮೆ ಎಷ್ಟಿತ್ತೋ ಕುಟುಕು ಎಷ್ಟಿತ್ತೋ ತಿಳಿಯದು. “ಎಳನೀರು ಮಾತ್ರ ಸಿಹಿ ಇತ್ತು ಸಾರ್” ಎಂದ ಹುಡುಗ.

ಎಲ್ಲ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಅವನು ಮಲಗುವುದು ಬಾಗಿಲ ಹತ್ತಿರವೇ. ಗೇಟಿನ ಸದ್ದಿಗೆ ಈಗಲೂ ತಲೆ ತಿರುಗಿಸುತ್ತಾನೆ. ಇಪ್ಪತ್ತಾರು ದಿನವನ್ನು ಆರು ವರ್ಷ ಪೂರ್ತಿಯಾಗಿ ಅಳಿಸಿಲ್ಲ.

ಗಾದೆಯನ್ನು ಮತ್ತೊಮ್ಮೆ ಓದಿ

ಇಷ್ಟೆಲ್ಲ ಕೇಳಿ ಮೊಮ್ಮಗ ಸುಮ್ಮನಿದ್ದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: “ತಾತ, ನೀನು ಮೊದಲನೇ ದಿನವೇ ಹೋಗಿದ್ರೆ?”

ನಾನೂ ಆರು ವರ್ಷದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ ಎಂದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವವನು ಒಂದು ಕೈಯಲ್ಲಿ ಬುಡ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೆಲ್ಲಗೆ ಬಗ್ಗಿಸುತ್ತಾನೆ. ಬುಡ ಬಿಟ್ಟು ಎಳೆದರೆ ಮುರಿಯುತ್ತದೆ. ಮಗುವಿನ ಬುಡ ಎಂದರೆ ಮನೆ, ಶಾಲೆ, ಹೆಸರಿಟ್ಟು ಕರೆಯುವ ನಾಲ್ಕು ಜನ.

ಮಾರನೇ ದಿನ ಮೋಟಾರು ಇಳಿಸಲು ಹುಡುಗ ಮತ್ತೆ ಬಂದ. ಮೊಮ್ಮಗ ಓಡಿಹೋಗಿ ಅವನನ್ನು ಹೆಸರು ಹಿಡಿದು, ಕೊನೆಗೊಂದು “ಅಣ್ಣ” ಸೇರಿಸಿ ಕರೆದ. “ನಾನೂ ಪೈಪು ಹಿಡ್ಕೊಳ್ಳಲಾ?” ಎಂದ. ಅವನು ಒಮ್ಮೆ ನನ್ನ ಕಡೆ ನೋಡಿ, ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ತೋಟಕ್ಕೆ ನೀರು ಹರಿಯಿತು.

ಮನೆಯಲ್ಲಿ ಬರೆದಿಟ್ಟುಕೊಳ್ಳಿ

* ಯಾವುದೇ ಮಗು ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಉಚಿತ. ಮಕ್ಕಳೇ ಕರೆ ಮಾಡಬಹುದು.
* ಉಚಿತ ಕಾನೂನು ನೆರವಿಗೆ 15100. ಮಕ್ಕಳಿಗೆ ವಕೀಲರ ಖರ್ಚಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನೂ ಕೇಳಬಹುದು.
* ಮನಸ್ಸಿಗೆ ಕಷ್ಟವಾದಾಗ, ನಿದ್ದೆ ಬಾರದಾಗ, ಬದುಕೇ ಬೇಡ ಎನ್ನಿಸಿದಾಗ ಟೆಲಿ ಮನಸ್ 14416. ಕನ್ನಡದಲ್ಲೇ ಮಾತಾಡಬಹುದು.
* ಅಜ್ಜ ಅಜ್ಜಿಯರಿಗೆ: ಮಗು ಸಿಕ್ಕಿಬಿದ್ದಿದೆ ಎಂದು ತಿಳಿದರೆ ಅವತ್ತೇ ಹೋಗಿ. ವಯಸ್ಸು ತೋರಿಸಲು ಶಾಲೆಯ ಜನ್ಮ ದಿನಾಂಕದ ದಾಖಲೆ ಅಥವಾ ಜನನ ಪ್ರಮಾಣಪತ್ರ ಜೊತೆಗಿರಲಿ.
* ಮಕ್ಕಳಿಗೆ: ದೊಡ್ಡ ಹುಡುಗರು ತಪ್ಪು ಕೆಲಸಕ್ಕೆ ಕರೆದರೆ “ಮನೇಲಿ ಕರೀತಿದ್ದಾರೆ” ಎಂದು ಹೇಳಿ ಬಂದುಬಿಡಿ. ಬಂದು ಮನೆಯ ಹಿರಿಯರಿಗೆ ತಿಳಿಸಿ. ತಪ್ಪು ಮಾಡಿ ಮರಳಿದ ಗೆಳೆಯನನ್ನು ಅಡ್ಡಹೆಸರಿನಿಂದ ಕರೆಯಬೇಡಿ.